ಹಲಗೆ ಹಾಕುವ ಮೊದಲು ಕೇಳಬೇಕಾದವರು

ನನ್ನ ಅಪ್ಪನಿಗೆ,

ಧೃತಿಗೆ ಈಗ ಹತ್ತು ತಿಂಗಳು. ನೀವು ಕಾಣದ ಮೊಮ್ಮಗಳು. ಅವಳು ನಿದ್ದೆ ಮಾಡಿದರೂ ನಾನು ಮಾಡುವುದಿಲ್ಲ; ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತೇನೆ. ನೀವಿದ್ದಿದ್ದರೆ ಬೈಯುತ್ತಿದ್ದಿರಿ. ಆದರೆ ಈ ಎರಡು ತಿಂಗಳಲ್ಲಿ ಆದದ್ದನ್ನು ಕೇಳಿದರೆ ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತೇನೋ.

ಅವತ್ತು ನಮ್ಮೂರಿಗೆ ಹೊರಟು ನಗರದ ಬಿಜೈ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು, ನಾನು, ಧೃತಿ, ಮೈಮುನಾ ಆಂಟಿ. ಫಳ್ನೀರಿನ ಫ್ಲಾಟಿನಲ್ಲಿ ಆಂಟಿಯದು ನಮ್ಮ ಎದುರು ಬಾಗಿಲು. ಧೃತಿಯ ಅಪ್ಪ ದುಬೈಯಲ್ಲಿರುವಾಗ ನನಗೆ ತಾಯಿಯ ಜಾಗದಲ್ಲಿ ಇರುವವರು ಅವರೇ. ಬಸ್ಸಿನ ಸಮಯ ಕೇಳಲು ನಾನು ಕೌಂಟರಿಗೆ ಹೋದೆ. ಧೃತಿ ಅವರ ಹೆಗಲ ಮೇಲೆ ಅತ್ತಳು. ಯಾರೋ ಫೋಟೋ ತೆಗೆದರು. ಮಧ್ಯಾಹ್ನದೊಳಗೆ ಅದು ಊರೆಲ್ಲಾ ಸುತ್ತಿತು: 'ಮಗು ಕದಿಯುವ ಬುರ್ಖಾ ಹೆಂಗಸು, ಎಚ್ಚರ.' ಆಂಟಿಯ ಮುಖ ಸ್ಪಷ್ಟವಾಗಿತ್ತು. ನನಗೆ ಅದು ಕಣ್ಣಿಗೆ ಬಿದ್ದದ್ದು ಎಲ್ಲಿ ಗೊತ್ತುಂಟಾ ಅಪ್ಪ? ಫೋನಿನಲ್ಲಿ, ನಿಮ್ಮ ಕಿಂಡಿ ಅಣೆಕಟ್ಟು ಸಮಿತಿಯ ಗುಂಪಿನಲ್ಲಿ. ನೀವು ಹೋದ ಮೇಲೂ ನಿಮ್ಮ ನಂಬರನ್ನು ನಾನೇ ಇಟ್ಟುಕೊಂಡಿದ್ದೇನೆ. ಕಳಿಸಿದವರು ನಿಮ್ಮ ಜೊತೆ ಮೂವತ್ತು ವರ್ಷ ಗದ್ದೆ ಮಾಡಿದ ಸಂಜೀವಣ್ಣ.

ಸಂಜೆ ಆಂಟಿ ನಮ್ಮ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. "ಇನ್ನು ನಾನು ಮಗುವನ್ನು ಎತ್ತುದಿಲ್ಲ ಮಾರಾಯ್ತಿ. ರಸ್ತೆಯಲ್ಲಿ ಯಾರಾದರೂ ಹಿಡಿದರೆ ಎಂತ ಹೇಳುದು? ಮಗುವಿನ ಆಧಾರ್ ಕಾರ್ಡ್ ಕುತ್ತಿಗೆಗೆ ಕಟ್ಟಿಕೊಂಡು ತಿರುಗುದಾ?" ನಗಬೇಕೆಂದೇ ಹೇಳಿದರು. ಆದರೆ ಆಮೇಲೆ ವಾರಗಟ್ಟಲೆ ಅವರು ಕೆಳಗಿನ ಅಂಗಡಿಗೂ ಇಳಿಯಲಿಲ್ಲ.

ನಾನು ಅದೇ ಫೋಟೋವನ್ನು ಜಾಲತಾಣದಲ್ಲಿ ಹಾಕಿ ಬರೆದೆ: 'ಇದು ನನ್ನ ಮಗಳು, ಎತ್ತಿಕೊಂಡವರು ನಮ್ಮ ಆಂಟಿ, ನಾನು ಅಲ್ಲೇ ಕೌಂಟರಿನಲ್ಲಿದ್ದೆ.' ಸಾವಿರಾರು ಜನ ಓದಿದರು. ಒಬ್ಬೊಬ್ಬರೇ ಕ್ಷಮೆ ಕೇಳತೊಡಗಿದ್ದರು. ಮೂರನೆಯ ದಿನ ನೋಡಿದರೆ ನನ್ನ ಬರಹವೇ ಇಲ್ಲ. ಆ ಫೋಟೋ ಇರುವ ಎಲ್ಲವನ್ನೂ ತೆಗೆಯಬೇಕು ಎಂದು ಸರಕಾರದಿಂದ ಆದೇಶವಂತೆ. ಸುಳ್ಳಿನ ಜೊತೆ ಸತ್ಯವೂ ಹೋಯಿತು. ಸುಳ್ಳಾದರೂ ಪೂರ್ತಿ ಹೋಯಿತೇ? ಅದು ಫೋನಿನಿಂದ ಫೋನಿಗೆ ಓಡುತ್ತಲೇ ಇತ್ತು. ಅದಕ್ಕೆ ಉತ್ತರ ಮಾತ್ರ ಎಲ್ಲಿಯೂ ಉಳಿಯಲಿಲ್ಲ.

ಅದೇ ವಾರ ಸಾಮಾಜಿಕ ಜಾಲತಾಣಗಳಿಗೆ ಹೊಸ ನಿಯಮ ಬರುತ್ತದೆಂದೂ, ಕರಡಿನ ಬಗ್ಗೆ ಜನರ ಅಭಿಪ್ರಾಯ ಕೇಳಲು ನಗರದಲ್ಲಿ ಸಭೆ ಉಂಟೆಂದೂ ಪೇಪರಿನಲ್ಲಿ ಬಂತು. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಿದ ನಿಮ್ಮ ಮಗಳು ಎಂತ ಬರೆದಳು ಗೊತ್ತುಂಟಾ? ಹಂಚಿದವರನ್ನೆಲ್ಲ ವಿಚಾರಣೆ ಇಲ್ಲದೆ ಒಳಗೆ ಹಾಕಿ. ಯಾವುದನ್ನು ಬೇಕಾದರೂ ತಕ್ಷಣ ಮುಚ್ಚುವ ಅಧಿಕಾರ ಸರಕಾರಕ್ಕೆ ಇರಲಿ. ನಾಲ್ಕು ಪುಟ. ಎದೆಯ ಮೇಲೆ ಮಗು ಮಲಗಿತ್ತು, ಒಂದೇ ಕೈಯಲ್ಲಿ ಟೈಪ್ ಮಾಡಿದೆ. ಹೆದರಿದ ತಾಯಿಗೆ ಬೇರೆ ಎಂತ ತೋಚುತ್ತದೆ ಅಪ್ಪ?

ಐದನೆಯ ಪುಟಕ್ಕೆ ಬಂದಾಗ ನಮ್ಮೂರಿನ ಕಮಲಕ್ಕನ ಗದ್ದೆ ಕಣ್ಣ ಮುಂದೆ ಬಂತು. ನಾನಾಗ ಏಳನೆಯ ಕ್ಲಾಸು. ಆ ವರ್ಷ ಮಳೆ ಬೇಗ ನಿಂತು, ಸಮುದ್ರ ಉಬ್ಬಿ ಭರತ ಬಂದಾಗೆಲ್ಲ ಉಪ್ಪುನೀರು ಹೊಳೆಯೊಳಗೆ ಹತ್ತಿ ಬರುತ್ತಿತ್ತು. ನೀವು ಗಡಿಬಿಡಿಯಲ್ಲಿ ಅಣೆಕಟ್ಟಿನ ಕಿಂಡಿಗಳಿಗೆಲ್ಲ ಹಲಗೆ ಹಾಕಿಸಿದಿರಿ. ಉಪ್ಪು ನಿಂತಿತು ನಿಜ. ಆದರೆ ಅಣೆಕಟ್ಟಿನ ಮೇಲ್ಭಾಗದಲ್ಲಿ ನೀರು ಏರಿ, ಕೊಯ್ಲಿಗೆ ಬಂದಿದ್ದ ಕಮಲಕ್ಕನ ಪೈರು ಮುಳುಗಿತು. ಅವರನ್ನು ಯಾರೂ ಕೇಳಿರಲಿಲ್ಲ. ಮರುದಿನ ನಮ್ಮ ಅಂಗಳದಲ್ಲಿ ಸಭೆ. ಸಮಿತಿಯ ಅಧ್ಯಕ್ಷರಾಗಿದ್ದ ನೀವು ಎದ್ದು ನಿಂತು, "ತಪ್ಪು ನನ್ನದು. ನನ್ನ ಹೆಸರಿನಲ್ಲೇ ಬರೆಯಿರಿ" ಎಂದಿರಿ. ಹಲಗೆಯೇ ಬೇಡ ಎಂದು ಹುಡುಗರು ಕೂಗಿದರು. ಬೀಗ ಹಾಕಿ ಕೀಲಿಯನ್ನು ಪೇಟೆಯ ಸರಕಾರಿ ಇಂಜಿನಿಯರ್ ಕೈಗೆ ಕೊಡುವ ಎಂದರು ಕೆಲವರು. ನೀವು ಎರಡನ್ನೂ ಒಪ್ಪಲಿಲ್ಲ. "ಹಲಗೆ ಬೇಕು. ಆದರೆ ಯಾರ ಗದ್ದೆ ಮೊದಲು ಮುಳುಗುತ್ತದೋ ಅವರ ಮನೆಗೆ ಮೊದಲು ಹೋಗಿ ಕೇಳುವ. ಬೇಡದಾಗ ತೆಗೆಯಲಿಕ್ಕೂ ಆಗಬೇಕು."

ಕಾಲೇಜಿನಲ್ಲಿ ರಾಜ್ಯ, ಅಧಿಕಾರ, ಪ್ರಜೆ ಎಂದು ಏನೆಲ್ಲ ಓದಿದೆ. ನಿಮ್ಮ ಆ ಮಾತನ್ನು ಮಾತ್ರ ಹಳ್ಳಿಯ ಪಂಚಾತಿಕೆ ಎಂದು ಬದಿಗಿಟ್ಟಿದ್ದೆ. ಒಮ್ಮೆ ಊಟಕ್ಕೆ ಕೂತಾಗ, ಸರಕಾರವೆಂದರೆ ದಬ್ಬಾಳಿಕೆ ಎಂದು ನಾನು ವಾದ ಮಾಡಿದ್ದು ನೆನಪುಂಟಾ? ನೀವು ಮೀನಿನ ಮುಳ್ಳು ಬಿಡಿಸುತ್ತಾ ಹೇಳಿದಿರಿ: "ಸರಕಾರದ ಕಾನೂನು ಬಾರದಿದ್ದರೆ ನಿನ್ನ ಅಜ್ಜ ಇನ್ನೂ ಧಣಿಯ ಅಂಗಳಕ್ಕೆ ಗೇಣಿ ಅಕ್ಕಿ ಹೊರಬೇಕಿತ್ತು ಮಗಾ. ಆದರೆ ಭೂನ್ಯಾಯ ಮಂಡಳಿಯಲ್ಲಿ ಧಣಿಯನ್ನೂ ಕೇಳಿದರು, ಅಜ್ಜನನ್ನೂ ಕೇಳಿದರು. ಹಾಗೆ ಸಿಕ್ಕಿದ ಭೂಮಿ ಆದ್ದರಿಂದ ಇವತ್ತಿಗೂ ಅದನ್ನು ಯಾರೂ ಕದ್ದದ್ದು ಅನ್ನುದಿಲ್ಲ." ಅಷ್ಟು ದೊಡ್ಡ ವಿಚಾರವನ್ನು ಅಷ್ಟು ಸಣ್ಣದಾಗಿ... ನನ್ನ ಯಾವ ಪ್ರೊಫೆಸರೂ ಹಾಗೆ ಹೇಳಿರಲಿಲ್ಲ. ನಾಲ್ಕೂ ಪುಟ ಅಳಿಸಿದೆ.

ಮೊದಲು ಸಂಜೀವಣ್ಣನಿಗೆ ಫೋನ್ ಮಾಡಿದೆ. "ಒಳ್ಳೇದಕ್ಕೇ ಹಾಕಿದ್ದು ಮಗಾ, ಮಕ್ಕಳಿರುವ ಮನೆ ಉಂಟಲ್ಲ ಅಂತ" ಎಂದರು. "ಆ ಮಗು ನಿಮ್ಮ ಅಧ್ಯಕ್ಷರ ಮೊಮ್ಮಗಳು ಸಂಜೀವಣ್ಣ." ಆದಿತ್ಯವಾರ ಒಂದು ಕಟ್ಟು ಬಸಳೆ ಹಿಡಿದುಕೊಂಡು ಬಂದರು, ನಮ್ಮ ಮನೆಗಲ್ಲ, ನೇರ ಎದುರು ಬಾಗಿಲಿಗೆ. ನಾನು ಧೃತಿಯನ್ನು ಎತ್ತಿಕೊಂಡು ಅಲ್ಲೇ ಇದ್ದೆ. ಆಂಟಿ ಬಿಡುತ್ತಾರಾ? "ಬನ್ನಿ ಬನ್ನಿ, ಕಳ್ಳಿಯ ಮನೆಗೆ ಬಂದ್ರಾ? ಒಳಗೆ ಒಂದೇ ಮಗು ಉಂಟು, ಬೇಕಾದರೆ ಎಣಿಸಿ ನೋಡಿ. ಚಾಕ್ಕೆ ಸಕ್ಕರೆ ಎಷ್ಟು?" ಸಂಜೀವಣ್ಣ ತಲೆ ತಗ್ಗಿಸಿಯೇ ಚಾ ಕುಡಿದರು. ಅಲ್ಲೇ ಕೂತು ಸಮಿತಿಯ ಗುಂಪಿಗೆ ಹೇಳಿದರು, ಬರೆಯಲಿಕ್ಕೆ ಬಾರದ್ದಕ್ಕೆ ದನಿಯಲ್ಲೇ: "ನಾನು ಸಂಜೀವ. ಮೊನ್ನೆ ನಾನು ಹಾಕಿದ್ದು ಸುಳ್ಳು. ಆ ಅಮ್ಮನ ಮನೆಯಿಂದಲೇ ಮಾತಾಡ್ತಾ ಇದ್ದೇನೆ." ಇಂಥವರನ್ನೇ ವಿಚಾರಣೆ ಇಲ್ಲದೆ ಒಳಗೆ ಹಾಕಿ ಎಂದು ನಾನು...

ಮತ್ತೆ ಬರೆದದ್ದು ಒಂದೇ ಪುಟ. ನಿಯಮ ಬೇಕು. ಸುಳ್ಳನ್ನು ಹರಿಯಲು ಬಿಟ್ಟು ಲಾಭ ಮಾಡುವ ಕಂಪೆನಿಗಳು ಉತ್ತರ ಕೊಡಲೇಬೇಕು. ಆದರೆ ತೆಗೆಯುವ ಮೊದಲು ಬರೆದವರನ್ನು, ಅದರಿಂದ ನೋಯುವವರನ್ನು ಕೇಳಬೇಕು. ತೀರಾ ತುರ್ತಾದರೆ ತೆಗೆದ ಕೂಡಲೇ ಕಾರಣ ಹೇಳಬೇಕು. ತೆಗೆದದ್ದು ತಪ್ಪಾಗಿದ್ದರೆ ಹಿಂದಕ್ಕೆ ಹಾಕಬೇಕು. ಇದನ್ನು ದೂರದ ಊರಿನ ಒಬ್ಬ ಅಧಿಕಾರಿ ಮಾತ್ರ ತೀರ್ಮಾನಿಸಬಾರದು. ಒಂದೂ ನನ್ನ ಸ್ವಂತದ್ದಲ್ಲ ಅಪ್ಪ, ಎಲ್ಲ ನಿಮ್ಮ ಅಂಗಳದ್ದು.

ಮೊನ್ನೆ ಸಭೆ ನಡೆಯಿತು. ನಾನು ಆ ಒಂದು ಪುಟ ಓದಿದೆ. ವೇದಿಕೆಯ ಮೇಲಿದ್ದ ಅಧಿಕಾರಿ, "ಇದು ಯಾವ ದೇಶದ ಮಾದರಿ ಮೇಡಂ?" ಎಂದು ಕೇಳಿದರು. "ನನ್ನ ಅಪ್ಪನದ್ದು ಸಾರ್. ಗದ್ದೆ ಮಾಡ್ತಿದ್ದರು" ಎಂದೆ. ಕೆಲವರು ನಕ್ಕರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಆ ನಗು ತಾಗಲೇ ಇಲ್ಲ.

ಜಾಲತಾಣದಿಂದ ತೆಗೆದ ನನ್ನ ಬರಹ ಇನ್ನೂ ಹಿಂದಕ್ಕೆ ಬಂದಿಲ್ಲ. ಅರ್ಜಿ ಹಾಕಿದ್ದೇನೆ, ಉತ್ತರ ಬರುವವರೆಗೂ ಬಿಡುವುದಿಲ್ಲ. ಆದರೆ ನಿಮಗೆ ಹೇಳಲೇಬೇಕಾದ ಸುದ್ದಿ ಬೇರೆಯೇ ಉಂಟು. ನಾನು ಕೂತ ಮೇಲೆ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದರು. ಮಗುವನ್ನು ನೋಡಿಕೊಳ್ಳಲಿಕ್ಕೆ ಮಾತ್ರ ಬರುತ್ತೇನೆ, ಬಾಯಿ ತೆರೆಯುವುದಿಲ್ಲ ಎಂದು ಷರತ್ತು ಹಾಕಿ ಬಂದಿದ್ದ ಮೈಮುನಾ ಆಂಟಿ. ಧೃತಿ ಅವರ ಕಂಕುಳಲ್ಲಿದ್ದಳು. ಮೈಕ್ ಕೊಡಲು ಹೋದವರಿಗೆ ಬೇಡವೆಂದು ತಲೆಯಾಡಿಸಿದರು.

"ಆ ಫೋಟೋದಲ್ಲಿ ಇರುದು ನಾನು" ಎಂದರು. "ಹಾಕುವಾಗಲೂ ನನ್ನನ್ನು ಕೇಳಲಿಲ್ಲ. ತೆಗೆಯುವಾಗಲೂ ಕೇಳಲಿಲ್ಲ."

ಅಧಿಕಾರಿ ಪೆನ್ನು ತೆಗೆದುಕೊಂಡು, "ಇನ್ನೊಮ್ಮೆ ಹೇಳಿ ಅಮ್ಮ, ಬರೆದುಕೊಳ್ತೇನೆ" ಎಂದರು.

ಆಂಟಿ ಇನ್ನೊಮ್ಮೆ ಹೇಳಿದರು ಅಪ್ಪ, ಮೊದಲಿಗಿಂತ ಗಟ್ಟಿಯಾಗಿ.

ನಿಮ್ಮ ಮಗಳು