ಅನುಭವ ಇರಬೇಕು, ಕುಣಿದಿರಬಾರದು

ಕೊಪ್ಪಳದ ಹೊಸ ಕನ್ಯಾ ಪಾಠಶಾಲೆಯ ಕಾರ್ಯದರ್ಶಿಗಳಾದ ಮಾನ್ಯರೇ,

ನೃತ್ಯ ಕಲಿಸುವ ನೌಕರಿಗೆ ನಾನು ಹಾಕಿದ ಅರ್ಜಿಯನ್ನು ತಾವು ಎರಡು ಸಲ ಹಿಂದಿರುಗಿಸಿದ್ದೀರಿ. ಮೊದಲ ಸಲ ನನ್ನ ಅನುಭವ ಅತಿಯಾಯಿತೆಂದು, ಎರಡನೆಯ ಸಲ ಅನುಭವವೇ ಇಲ್ಲವೆಂದು. ಒಬ್ಬಳೇ ಹೆಂಗಸು ಒಂದೇ ತಿಂಗಳಲ್ಲಿ ಇಷ್ಟು ಬದಲಾಗುವುದು ಹೇಗೆಂದು ತಮ್ಮ ಮಂಡಳಿಯಲ್ಲಿ ಯಾರೂ ಕೇಳಲಿಲ್ಲವಂತೆ. ಆದ್ದರಿಂದ ಈ ಸಲ ಲಕೋಟೆಯ ಗೊಡವೆ ಬಿಟ್ಟು, ಊರೆಲ್ಲ ಓದಲೆಂದು ಪತ್ರಿಕೆಗೇ ಕಳಿಸುತ್ತಿದ್ದೇನೆ.

ತಮ್ಮ ಜಾಹೀರಾತು ನನಗೀಗ ಬಾಯಿಪಾಠವಾಗಿದೆ. ನೃತ್ಯದಲ್ಲಿ ದೀರ್ಘ ಅನುಭವವುಳ್ಳ ಮರ್ಯಾದಸ್ಥ ಮಹಿಳೆ ಬೇಕು. ಆಕೆ ಎಂದೂ ಜನರೆದುರು ಕುಣಿದಿರಬಾರದು. ಸ್ವಾಮಿ, ಈ ಮಹಾತಾಯಿ ಎಲ್ಲಿದ್ದಾಳೆ? ಬಾವಿಗಿಳಿಯದೆ ಈಜು ಕಲಿಸುವವನನ್ನೂ ಒಲೆ ಹಚ್ಚದೆ ಹೋಳಿಗೆ ಮಾಡುವವಳನ್ನೂ ತಾವು ಕಂಡಿದ್ದರೆ ದಯಮಾಡಿ ವಿಳಾಸ ತಿಳಿಸಿ, ನಾನೂ ಹೋಗಿ ಕೈಮುಗಿದು ಬರುತ್ತೇನೆ. ಈಗ ದೊಡ್ಡ ಮನೆಯ ಹುಡುಗಿಯರು ನೃತ್ಯ ಕಲಿಯುವುದು ಸುಸಂಸ್ಕೃತರ ಲಕ್ಷಣವಂತೆ. ಬಹಳ ಸಂತೋಷ. ಆದರೆ ನಮ್ಮ ಸೀಮೆಯಲ್ಲಿ ಅದನ್ನು ಬಲ್ಲವರು ಪಾತರದವರು, ನಾನು ಆ ಮನೆಯವಳು. ಚಿಕ್ಕಂದಿನಲ್ಲೇ ದೇವರಿಗೆ ಬಿಟ್ಟವಳು, ಮದುವೆ ಮುಂಜಿಗಳಲ್ಲಿ ಕುಣಿದು ಬದುಕಿದವಳು. ಇದನ್ನು ನಾನು ಮುಚ್ಚಿಟ್ಟಿಲ್ಲ.

ನನ್ನ ಹಟಕ್ಕೆ ಕಾರಣ ನನ್ನ ಮಗಳು ಹುಲಿಗೆವ್ವ. ನನ್ನ ಅವ್ವ ಮುದಕಮ್ಮ ಮನೆತನದ ವಾಡಿಕೆ ಬಿಡುವವಳಲ್ಲ. "ಸಾಲಿಗೆ ಕಳಸ್ತೀನಿ ಅಂತಿ, ಮುಂದ ಅದನ್ನ ನೋಡೋರು ಯಾರ? ನಿನಗ ನೌಕರಿ ಆದ್ರ ನಾ ಹುಡುಗಿ ತಂಟೇಕ ಬರೂದಿಲ್ಲ. ಇಲ್ಲಂದ್ರ ಭಾರತ ಹುಣ್ಣಿವಿಗೆ ಗೆಜ್ಜಿ ಕಟ್ಟಿ ದೇವರಿಗೆ ಬಿಡೂದ" ಎಂದು ಖಡಾಖಂಡಿತವಾಗಿ ಹೇಳಿದ್ದಾಳೆ. ಗದಗಿನ ಕಡೆ, ಬ್ರಿಟಿಷರ ಸೀಮೆಯಲ್ಲಿ, ಇದಕ್ಕೆ ಕಾಯ್ದೆ ಅಡ್ಡ ಬರುತ್ತದಂತೆ. ನಮ್ಮ ನಿಜಾಮರ ಸೀಮೆಯಲ್ಲಿ ಅಡ್ಡ ಬರಬಹುದಾದದ್ದು ತಮ್ಮ ನೌಕರಿಯೊಂದೇ. ಕುಣಿತದ ಮೇಲೆ ನನಗೆ ಸಿಟ್ಟಿಲ್ಲ, ಅದು ನನ್ನ ಜೀವ. ಮಗಳೂ ಬೇಕಾದರೆ ಕಲಿಯಲಿ. ಆದರೆ ಕರೆದವರ ಅಂಗಳದಲ್ಲೆಲ್ಲ ಅವಳು ಕುಣಿಯುವುದನ್ನು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ಮೊದಲ ಅರ್ಜಿಯನ್ನು ನಾನೇ ಬರೆದೆ. ಹಾಡು ಓದಲು ಬರಲೆಂದು ಅವ್ವ ಅಕ್ಷರ ಕಲಿಸಿದ್ದಳು. ಯಾರಲ್ಲಿ ಕಲಿತೆ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳಲ್ಲಿ ಯಾರ ಯಾರ ಮನೆಯಲ್ಲಿ ಕುಣಿದೆ ಎಂಬುದನ್ನೆಲ್ಲ ಒಂದೂ ಬಿಡದೆ ಸ್ವಪರಿಚಯದಲ್ಲಿ ಬರೆದಿದ್ದೆ. ಅದು ತಿರುಗಿ ಬಂದ ಮೇಲೆ, ಕಚೇರಿಯ ಮುಂದೆ ಕುಳಿತು ಅರ್ಜಿ ಬರೆಯುವ ಮಕ್ಬುಲಸಾಬರ ಬಳಿ ಹೋದೆ.

"ಸುಂಕಲವ್ವಾ, ಖರೇ ಬರೀಲೇನು, ನೌಕರಿ ಸಿಗೂಹಂಗ ಬರೀಲೇನು?" ಎಂದರು.

"ಎರಡೂ ಒಂದಾ ಆಗೂದಿಲ್ಲೇನ್ರಿ?"

"ಹಂಗ ಆಗಿದ್ರ ನನ್ನ ಹೊಟ್ಟಿ ಹೆಂಗ ತುಂಬತಿತ್ತವ್ವಾ?"

ಅವರ ಲೇಖನಿಯಲ್ಲಿ ನನ್ನ ಕಸಬು ಗೃಹಕೃತ್ಯವಾಯಿತು. ಮದುವೆಯ ಕುಣಿತಗಳೆಲ್ಲ ಭಜನೆಗಳಾದವು. ಮೇಲೊಂದು ವಿನಯಪತ್ರ, ಅದರಲ್ಲಿ ನಾನು ತಮ್ಮ ಪಾದಾರವಿಂದಗಳಿಗೆ ಎಷ್ಟು ಸಲ ಎರಗಿದೆನೆಂದರೆ, ಏಳಲು ಪುರುಸೊತ್ತೇ ಇರಲಿಲ್ಲ. ಓದಿ ನೋಡಿದಾಗ, ಈ ಸಾಧ್ವಿ ಯಾರೋ, ಪಾಪ, ಇವಳಿಗೆ ಹೆಜ್ಜೆ ಹಾಕಲು ಬಾರದು ಎಂದು ನನಗೇ ಅನಿಸಿತು. ತಮಗೂ ಹಾಗೇ ಅನಿಸಿದ್ದರಲ್ಲಿ ತಪ್ಪಿಲ್ಲ. ತಾವು ಅದನ್ನೂ ಹಿಂದಿರುಗಿಸಿ, ಇಬ್ಬರು ಗೌರವಸ್ಥರಿಂದ ನಡತೆಯ ಪ್ರಮಾಣಪತ್ರ ತಂದರೆ ಪುನಃ ವಿಚಾರಿಸುವುದಾಗಿ ಬರೆದಿರಿ.

ಗೌರವಸ್ಥರಿಗೆ ನಮ್ಮಲ್ಲಿ ಬರವಿಲ್ಲ. ನಮ್ಮ ತಳಕಲ್ಲಿನ ವಿರೂಪಾಕ್ಷಪ್ಪನವರ ಬಳಿ ಹೋದೆ. ಅವರ ಮನೆಯಲ್ಲಿ ಗಂಡು ಹುಟ್ಟಲಿ, ಬಾವಿಗೆ ನೀರು ಬೀಳಲಿ, ನನ್ನ ಕುಣಿತ ಆಗಲೇಬೇಕಿತ್ತು. ಅವರು ಬಾಗಿಲು ಅರ್ಧ ಮುಚ್ಚಿ, "ನಿನ್ನ ಗುಣ ನನಗ ಗೊತ್ತೈತಿ ಅಂತ ಬರದ್ರ, ಹೆಂಗ ಗೊತ್ತಾತು ಅಂತ ಕೇಳ್ತಾರಲ್ಲವ್ವಾ?" ಎಂದರು. ಪೇಟೆಯ ಅರಿವೆ ಅಂಗಡಿಯ ಅಂದಪ್ಪನವರು ಇನ್ನೂ ಜಾಣರು, ನನ್ನನ್ನು ಕಂಡು, "ಯಾವೂರವ್ವಾ ನೀನು?" ಎಂದರು. ಅವರ ಅಂಗಡಿ ತೆರೆದ ದಿನ ಬಾಗಿಲಲ್ಲಿ ಮೊದಲ ಆರತಿ ಎತ್ತಿದವಳು ನಾನು. ಅಪಮಾನದಿಂದ ತಲೆತಗ್ಗಿಸಿ ಅಂಗಡಿಯ ಮೆಟ್ಟಿಲಿಳಿದೆ, ಸುಳ್ಳೇಕೆ ಹೇಳಲಿ.

ಆದರೆ ದಾರಿಯಲ್ಲಿ ಸಿಟ್ಟು ಬಂತು, ಸಿಟ್ಟಿನ ಜೊತೆ ಬುದ್ಧಿಯೂ ಬಂತು. ನನ್ನ ನಡತೆಗೆ ಪುರಾವೆ ಕಾಗದದಲ್ಲಿ ಏಕಿರಬೇಕು? ದೇವರನ್ನೇ ಕಟ್ಟಿಕೊಂಡವಳಿಗೆ ಮುತ್ತೈದೆತನ ಅಳಿಯುವುದಿಲ್ಲವೆಂದು, ಮದುಮಗಳ ತಾಳಿಗೆ ಕರಿಮಣಿ ಪೋಣಿಸಲು ದೊಡ್ಡ ಮನೆಗಳಲ್ಲಿ ನಮ್ಮವರನ್ನೇ ಕರೆಯುವ ಪದ್ಧತಿ ತಮಗೆ ತಿಳಿಯದ್ದೇನಲ್ಲ. ವಿರೂಪಾಕ್ಷಪ್ಪನವರ ಸೊಸೆಯಂದಿರ ಕೊರಳಲ್ಲಿರುವುದು ನಾನು ಪೋಣಿಸಿದ್ದು. ಅಂದಪ್ಪನವರ ತಂಗಿಯದೂ ಹಾಗೆಯೇ. ಕಳೆದ ವೈಶಾಖದಲ್ಲಿ ತಮ್ಮ ಮಗಳ ಮದುವೆಗೆ ತಾವೇ ಬಂಡಿ ಕಳಿಸಿದಿರಿ. ತಮ್ಮ ಮನೆಯ ಯಜಮಾನಿ ಮಣಿಯ ಬಟ್ಟಲನ್ನು ನನ್ನ ಮುಂದಿಟ್ಟು, "ನಿನ್ನ ಕೈಯಿಂದನ ಆಗ್ಲಿ ಸುಂಕಲವ್ವಾ, ನಮ್ಮ ಹುಡುಗಿ ತಣ್ಣಗ ಬಾಳ್ತಾಳ" ಎಂದು ಕಣ್ಣೊರೆಸಿಕೊಂಡರು. ಆಗ ಯಾರೂ ಪ್ರಮಾಣಪತ್ರ ಕೇಳಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಭಾರತ ಹುಣ್ಣಿಮೆಯೊಳಗೆ ನೇಮಕದ ಆಜ್ಞೆ ಕಳಿಸಿ, ನನ್ನ ಮಗಳನ್ನು ಉಳಿಸಿಕೊಡಿ. ಮರ್ಯಾದಸ್ಥರ ಹೆಣ್ಣುಮಕ್ಕಳನ್ನು ಮುಟ್ಟಲು ನನ್ನ ಕೈ ಯೋಗ್ಯವಲ್ಲವೆಂದಾದರೆ ಅದನ್ನೂ ಧೈರ್ಯವಾಗಿ ಬರೆಯಿರಿ. ಬರೆದು, ಈ ಕೈ ಪೋಣಿಸಿದ ಕರಿಮಣಿಗಳನ್ನೆಲ್ಲ ಬಿಚ್ಚಿಸಿ, ಎಂದೂ ಜನರೆದುರು ಕುಣಿಯದ ಆ ಮಹಿಳೆಯ ಕೈಯಿಂದಲೇ ಮತ್ತೆ ಕಟ್ಟಿಸಿ. ತಮ್ಮ ಮಗಳಿಂದಲೇ ಆರಂಭವಾಗಲಿ.

ಇಂತಿ,
ತಮ್ಮ ಮನೆಯ ಶುಭಕಾರ್ಯದ ದಿನ ಮಾತ್ರ ಮರ್ಯಾದಸ್ಥೆಯಾದ
ಪಾತರದ ಸುಂಕಲಮ್ಮ
ತಳಕಲ್