ಟ್ರೇ ತುಂಬುವ ತನಕ ಕಾದ ರಕ್ತ

ಐಸಿಯು ಹಾಸಿಗೆಗಳನ್ನು ಹಂಚುವ ಅಧಿಕಾರಿಗಳೇ,

ನಿಮ್ಮನ್ನು ಮಾನ್ಯರೇ ಎಂದು ಕರೆಯಲು ಎರಡು ಸಲ ಪ್ರಯತ್ನಪಟ್ಟೆ, ಕೈ ಬರಲಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀವು ಹೊರಡಿಸಿದ ಎರಡು ಸುತ್ತೋಲೆಗಳು ಸೇರಿಕೊಂಡು ನನ್ನ ಅಕ್ಕನನ್ನು ಕೊಂದವು. ಕೊಲ್ಲುವಾಗ ಕೈಜೋಡಿಸಿದವಳು ನಾನು. ನಿಮ್ಮದೇ ಆಸ್ಪತ್ರೆಯ ಎರಡನೇ ಮಹಡಿಯ ಲ್ಯಾಬಿನಲ್ಲಿ ಹದಿನೇಳು ವರ್ಷದಿಂದ ರಕ್ತ ಪರೀಕ್ಷಿಸುವ ಟೆಕ್ನೀಷಿಯನ್.

ಮೊದಲ ಸುತ್ತೋಲೆ ನಿಮ್ಮ ಹೆಮ್ಮೆಯ ಕೂಸು. ಹಾಸಿಗೆ ಹದಿನಾಲ್ಕು, ಕಾಯುವವರು ಅದರ ಮೂರು ಪಟ್ಟು. ವೈದ್ಯರು ಶಿಫಾರಸು ನೋಡಿ ಕೊಡುತ್ತಾರೆಂದು ದೂರು ಬಂತು. ಹಾಗಾದರೆ ರಕ್ತವನ್ನೇ ಕೇಳೋಣ ಅಂದಿರಿ. ದೇಹಕ್ಕೆ ಆಮ್ಲಜನಕ ಸಾಲದೆ ಹೋದಾಗ ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ. ಹೆಚ್ಚು ಏರಿದಷ್ಟೂ ಸ್ಥಿತಿ ಗಂಭೀರ. ಒಳ್ಳೆಯ ಪರೀಕ್ಷೆಯೇ, ಇಲ್ಲವೆನ್ನುವುದಿಲ್ಲ. ವೈದ್ಯರು ಅದನ್ನು ಮತ್ತೆ ಮತ್ತೆ ಮಾಡಿಸಿ ಚಿಕಿತ್ಸೆ ತಿದ್ದಿಕೊಳ್ಳುತ್ತಾರೆ. ನೀವು ಮಾತ್ರ ಅದರ ಮೇಲೊಂದು ಗೆರೆ ಎಳೆದಿರಿ: ಐದು ದಾಟಿದವರಿಗೆ ಹಾಸಿಗೆ ಇಲ್ಲ, ಏಕೆಂದರೆ ‘ಪ್ರಯೋಜನದ ನಿರೀಕ್ಷೆ ಕಡಿಮೆ’. ಕಾಯಿಲೆ ಹೆಚ್ಚಾದವರಿಗೇ ಆಸ್ಪತ್ರೆ ಎಂದು ನಂಬಿದ್ದ ನಮ್ಮಂಥ ದಡ್ಡರ ಕಣ್ಣು ತೆರೆಸಿದಿರಿ.

ಎರಡನೆಯ ಸುತ್ತೋಲೆ ಅರ್ಧ ಪುಟದ್ದು. ಯಂತ್ರಕ್ಕೆ ಹಾಕುವ ರಾಸಾಯನಿಕ ಪೋಲಾಗಬಾರದು. ಆದ್ದರಿಂದ ಟ್ರೇಯಲ್ಲಿ ಹನ್ನೆರಡು ಟ್ಯೂಬ್ ತುಂಬಿದ ಮೇಲೆಯೇ ಪರೀಕ್ಷೆ. ಪಕ್ಷಪಾತ ಆಗಬಾರದೆಂದು ಟ್ಯೂಬಿನ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಇದನ್ನು ಬರೆಯುವ ಮೊದಲು ಲ್ಯಾಬಿನ ಒಬ್ಬರನ್ನಾದರೂ ಕೇಳಿದ್ದೀರಾ? ಮೈಯಿಂದ ಹೊರಬಂದ ರಕ್ತ ಟ್ಯೂಬಿನಲ್ಲಿ ಸುಮ್ಮನೆ ಕೂರುವುದಿಲ್ಲ ಸ್ವಾಮಿ. ಅಲ್ಲೂ ಅದರ ಕಣಗಳು ಸಕ್ಕರೆ ತಿನ್ನುತ್ತವೆ, ಲ್ಯಾಕ್ಟೇಟ್ ಬಿಡುತ್ತವೆ. ಸೋಂಕಿದ್ದವರ ರಕ್ತದಲ್ಲಂತೂ ಇನ್ನೂ ಬೇಗ. ಐಸಿನಲ್ಲಿಟ್ಟು ತಕ್ಷಣ ನೋಡಿದರೆ ಬರುವುದು ರೋಗಿಯ ಅಂಕಿ. ಬಿಸಿಲು ಬೀಳುವ ಕಿಟಕಿಯ ಪಕ್ಕ ಎರಡು ಗಂಟೆ ಬಿಟ್ಟು ನೋಡಿದರೆ ಬರುವುದು ಮೇಜಿನ ಅಂಕಿ. ಲ್ಯಾಬಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಟೀ ಲೋಟ ಹಿಡಿದುಕೊಂಡು “ಟ್ರೇ ಹಣ್ಣಾಯ್ತೇನ್ರೋ?” ಎಂದು ಕೇಳುವುದು ನಮ್ಮ ದಿನನಿತ್ಯದ ತಮಾಷೆಯಾಗಿತ್ತು. ನಾನೂ ನಕ್ಕಿದ್ದೇನೆ.

ನನ್ನ ಅಕ್ಕ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅಮ್ಮ ಹೋದ ಮೇಲೆ ನನ್ನನ್ನು ಓದಿಸಿದ್ದು ಅವಳ ಹೊಲಿಗೆ ಮಷೀನು. ಅದೇ ಮಷೀನಿನ ಸೂಜಿ ಅವಳ ತೋರುಬೆರಳಿಗೆ ಇಳಿಯಿತು. ಬಟ್ಟೆಯ ಚೂರು ಸುತ್ತಿಕೊಂಡು ಮತ್ತೆ ನಲವತ್ತು ಅಂಗಿ ಹೊಲಿದಳು. ನಾಲ್ಕನೇ ದಿನಕ್ಕೆ ಮೊಣಕೈವರೆಗೆ ಕೈ ಊದಿ, ಮಾತು ತೊದಲತೊಡಗಿತು. ಭಾವ ಅವಳನ್ನು ತುರ್ತು ವಿಭಾಗಕ್ಕೆ ಕರೆತಂದರು. ಸೋಂಕು ರಕ್ತಕ್ಕೆ ಇಳಿದಿತ್ತು. ನಾನು ಮೆಟ್ಟಿಲು ಹಾರಿ ಕೆಳಗೆ ಓಡಿದೆ. ಆ ಸ್ಥಿತಿಯಲ್ಲೂ ಅವಳು ನನ್ನ ಕೋಟಿನ ಗುಂಡಿ ಹಿಡಿದು, “ಏನೇ ಇದು, ಕಿತ್ತು ನೇತಾಡ್ತಿದೆ. ಬಿಚ್ಚಿಕೊಡು, ಹಾಕಿಕೊಡ್ತೀನಿ,” ಅಂದಳು. ನರ್ಸು ರಕ್ತ ತೆಗೆದು ಮೇಲೆ ಕಳಿಸಿದರು. ಭಾವ ಕಣ್ಣೊರೆಸಿಕೊಂಡು, “ನೀನೇ ನೋಡ್ತೀಯಲ್ಲಮ್ಮ, ಇನ್ನೇನು ಭಯ?” ಅಂದರು. “ನಾನಿದ್ದೀನಲ್ಲ ಭಾವ,” ಅಂದೆ.

ಮೇಲೆ ಬಂದಾಗ ಟ್ರೇಯಲ್ಲಿ ಒಂಬತ್ತು ಟ್ಯೂಬ್. ಒಂಬತ್ತನೆಯದು ಅಕ್ಕನದು, ಸಂಖ್ಯೆಯನ್ನು ಕಣ್ಣಾರೆ ನೋಡಿಕೊಂಡೇ ಬಂದಿದ್ದೆ. ಪಕ್ಕದ ಕುರ್ಚಿಯವಳು, “ಹಾಕ್ಬಿಡೇ, ಯಾರು ಕೇಳ್ತಾರೆ?” ಅಂದಳು. “ಬೇಡ ಕಣೇ, ತುಂಬೋ ಮೊದ್ಲೇ ಹಾಕಿದ್ದಕ್ಕೆ ಹೋದ ತಿಂಗಳಷ್ಟೇ ಒಬ್ಬಳಿಗೆ ನೋಟಿಸ್ ಬಂದಿದೆ. ಇನ್ನು ಮೂರು ತಾನೇ, ತುಂಬಲಿ,” ಅಂದೆ ನಾನು. ಆ ಮೂರು ಬರಲು ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಯಂತ್ರ ಐದು ಪಾಯಿಂಟ್ ಮೂರು ಎಂದಿತು. ಸುಳ್ಳು ಎಂದು ಗೊತ್ತಿತ್ತು. ತಿರಸ್ಕರಿಸಿದರೆ ಹೊಸ ಟ್ಯೂಬು, ಹೊಸ ಟ್ರೇ, ಮತ್ತೆ ಕಾಯಬೇಕು; ಕೆಳಗೆ ಹೋಗಿ ಬಾಯಲ್ಲಿ ಹೇಳಿದರಾಯಿತು ಅಂದುಕೊಂಡು ‘ಒಪ್ಪಿಗೆ’ ಒತ್ತಿದೆ. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ನಿಮ್ಮ ಕಂಪ್ಯೂಟರು ಅಕ್ಕನ ಹೆಸರು ಹೊಡೆದುಹಾಕಿತ್ತು. ಹಾಸಿಗೆ ಹನ್ನೆರಡನೇ ಟ್ಯೂಬಿನವರಿಗೆ ಹೋಯಿತು. ಕೊನೆಗೆ ಬಂದ ತಾಜಾ ರಕ್ತ, ಅಂಕಿ ಕಡಿಮೆ ಇರದೆ ಇನ್ನೇನು? ನಿಮ್ಮ ವ್ಯವಸ್ಥೆಯಲ್ಲಿ ಬದುಕುವ ಆಸೆಯಿದ್ದವರು ತಡವಾಗಿ ಬರಬೇಕು.

ನಾನೇ ಇನ್ನೊಮ್ಮೆ ರಕ್ತ ತೆಗೆದು, ಟೀ ಅಂಗಡಿಯಿಂದ ಐಸು ತಂದು, ನಿಯಮ ಮುರಿದು ಅದೊಂದನ್ನೇ ಯಂತ್ರಕ್ಕೆ ಹಾಕಿದೆ. ಮೂರು ಪಾಯಿಂಟ್ ನಾಲ್ಕು. ಆ ಚೀಟಿ ಹಿಡಿದು ನಿಮ್ಮ ಕಚೇರಿಯ ಕಿಟಕಿಗೆ ಓಡಿದೆ. ನಿಮ್ಮ ಗುಮಾಸ್ತ ಸಭ್ಯ ಮನುಷ್ಯ, ತಲೆಯೆತ್ತಿ ನೋಡಿದ.

“ನೀವು ಹೇಳೋದು ಸರಿ ಇರಬಹುದು ಮೇಡಂ. ಆದ್ರೆ ಎರಡನೇ ಸ್ಯಾಂಪಲ್ ಇಪ್ಪತ್ನಾಲ್ಕು ಗಂಟೆ ಆದ್ಮೇಲೇ ಸಿಸ್ಟಂ ತಗೊಳ್ಳೋದು.”

“ಅಷ್ಟರೊಳಗೆ ಅವಳು ಹೋಗ್ಬಿಟ್ರೆ?”

“ಹೋಗ್ಬಿಟ್ರೆ ಬೇಕಾಗಲ್ಲ ಅಲ್ವಾ ಮೇಡಂ.”

ಆತನನ್ನು ಬೈಯಬೇಡಿ. ನಿಮ್ಮ ನಿಯಮವನ್ನು ಇಷ್ಟು ಚೊಕ್ಕವಾಗಿ ಅರ್ಥ ಮಾಡಿಕೊಂಡವನು ಇನ್ನೊಬ್ಬನಿಲ್ಲ, ಬಡ್ತಿ ಕೊಡಿ. ಸಾಮಾನ್ಯ ವಾರ್ಡಿನಲ್ಲಿ ಗೋಡೆ ಬದಿಯ ಮಂಚದ ಮೇಲೆ, ಮರುದಿನ ಬೆಳಗ್ಗೆ ಎಂಟಕ್ಕೆ ಅಕ್ಕ ಹೋದಳು. ಮಧ್ಯಾಹ್ನ ಸರಿಯಾಗಿ ಇಪ್ಪತ್ನಾಲ್ಕು ಗಂಟೆ ತುಂಬಿದಾಗ ಲ್ಯಾಬಿನ ಪರದೆಯ ಮೇಲೆ ನಿಮ್ಮ ಸೂಚನೆ ಮೂಡಿತು: ‘ಸಂಖ್ಯೆ ಒಂಬತ್ತು, ಎರಡನೇ ಸ್ಯಾಂಪಲ್ ಬಾಕಿ ಇದೆ.’

ಇನ್ನೊಂದು ಸಂತೋಷದ ಸುದ್ದಿ. ವರ್ಷದ ಕೊನೆಗೆ ನೀವು ವರದಿ ಬರೆಯುತ್ತೀರಿ: ಐದು ದಾಟಿದವರಲ್ಲಿ ಇಷ್ಟು ಜನ ಸತ್ತರು, ಆದ್ದರಿಂದ ಪರೀಕ್ಷೆ ನಿಖರ. ಅಲ್ಲಿ ನನ್ನ ಅಕ್ಕ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತಾಳೆ. ಬದುಕುವುದಿಲ್ಲ ಎಂದು ಬರೆದು, ಹಾಸಿಗೆ ಕಿತ್ತುಕೊಂಡು, ಸತ್ತ ಮೇಲೆ ‘ನೋಡಿ, ನಾವು ಮೊದಲೇ ಹೇಳಿದ್ದೆವು’ ಎನ್ನುವುದು ಯಾವ ಸೀಮೆಯ ವಿಜ್ಞಾನ? ನಾಚಿಕೆಯಾಗುವುದಿಲ್ಲವೇ?

ಈಗ ನನ್ನ ಬೇಡಿಕೆ. ಐಸು ಕೊಡಿ, ಬಂದ ಟ್ಯೂಬನ್ನು ಬಂದ ಕೂಡಲೇ ನೋಡಲು ಬಿಡಿ, ಆ ಗೆರೆ ಅಳಿಸಿ. ಇಷ್ಟು ನಾಳೆಯೇ ಆಗಬೇಕು. ಈ ನಿಯಮ ಬಂದ ಮೇಲೆ ನನ್ನ ಬೆರಳು ‘ಒಪ್ಪಿಗೆ’ ಒತ್ತಿದ, ಐದು ದಾಟಿದ ಫಲಿತಾಂಶಗಳು ಅರವತ್ತೊಂದು. ಆ ಅರವತ್ತೊಂದು ಮನೆಗಳಿಗೂ ಎಷ್ಟು ಹೊತ್ತು ಕಾದ ರಕ್ತದ ಅಂಕಿ ಅದು ಎಂದು ಪತ್ರ ಬರೆಯಿರಿ. ನಿಮ್ಮ ಸಹಿಯ ಕೆಳಗೆ ನನ್ನದೂ ಇರಲಿ. ಬರೆಯಲು ಮನಸ್ಸು ಬಾರದಿದ್ದರೆ ಒಂದು ಬೆಳಗ್ಗೆ ಅಂಗಿಯ ತೋಳು ಮಡಚಿಕೊಂಡು ಲ್ಯಾಬಿಗೆ ಬನ್ನಿ. ನಿಮ್ಮ ರಕ್ತವನ್ನು ಟ್ರೇಯ ಮೊದಲ ತೂತಿನಲ್ಲಿಡುತ್ತೇನೆ. ಉಳಿದ ಹನ್ನೊಂದು ಬರುವ ತನಕ ಪಕ್ಕದಲ್ಲೇ ಕುಳಿತಿರಿ, ಟೀ ನಾನೇ ತಂದುಕೊಡುತ್ತೇನೆ. ಆಮೇಲೆ ನಿಮ್ಮಿಂದ ಇನ್ನೇನಾದರೂ ಪ್ರಯೋಜನವಿದೆಯೋ ಇಲ್ಲವೋ ಓದಿ ಹೇಳುತ್ತೇನೆ.

ಭಾವನಿಗೆ ಇನ್ನೂ ಏನೂ ಗೊತ್ತಿಲ್ಲ. ನಿನ್ನೆ ಮನೆಗೆ ಹೋದಾಗ ನನ್ನ ಮುಂದೆ ತಟ್ಟೆ ಇಟ್ಟು, “ರಕ್ತ ನೀನೇ ನೋಡಿದ್ಯಲ್ಲಮ್ಮ, ಅದೊಂದೇ ಸಮಾಧಾನ,” ಅಂದರು. ಉಣ್ಣಲಾಗದೆ ಎದ್ದು ಬಂದೆ. ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ. ಅವರು ಪತ್ರಿಕೆಯನ್ನು ಒಂದಕ್ಷರ ಬಿಡದೆ ಓದುವವರು, ಇದನ್ನೂ ಓದುತ್ತಾರೆ.

ಇಂತಿ,
ನಿಮ್ಮ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ
ಸಂಖ್ಯೆ ಒಂಬತ್ತರ ತಂಗಿ