ತಿರುಗದ ಪೈಪು

ಬುಧವಾರ, ಮಧ್ಯಾಹ್ನ ಊಟವಾದ ಮೇಲೆ

ಮಗಳೇ,

‘ಪ್ರೀತಿಯ’ ಅಂತ ಮೊದಲು ಬರೆಯುವಷ್ಟು ಸಿಟ್ಟು ಇನ್ನೂ ಇಳಿದಿಲ್ಲ. ಅದು ಇದೆ ಅಂತ ನೀನೇ ತಿಳಿದುಕೋ.

ಮತ್ತೆ, ಆ ತೊಂಬತ್ತೆರಡು ಪರ್ಸೆಂಟಿನ ವಿಷಯ. ನಿನ್ನೆ ಫೋನಿನಲ್ಲಿ ಅದನ್ನು ಮುಗಿಸಲು ನೀನು ನನ್ನನ್ನು ಬಿಡಲಿಲ್ಲ. “ಅಪ್ಪಾ, ಮೊದಲು ಆ ಸ್ಟ್ಯಾಂಡ್ ಇದೆಯಲ್ಲ, ಅದನ್ನ...” ಅಂತ ನೀನು ಶುರು ಮಾಡಿದೆ, ನಿನ್ನನ್ನು ಮುಗಿಸಲು ನಾನೂ ಬಿಡಲಿಲ್ಲ. ಇಬ್ಬರೂ ಫೋನ್ ಕುಕ್ಕಿದೆವು. ಅದಕ್ಕೇ ಈ ಕಾಗದ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನಿಮ್ಮ ಕಾಲೇಜಿನವರು ನನ್ನನ್ನು ಕರೆದದ್ದು ಏಕೆ? ನಲವತ್ತು ವರ್ಷ ವೆಲ್ಡಿಂಗ್ ರಾಡು ಹಿಡಿದವನು, ಕೊನೆಗೆ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು, ವೆಲ್ಡಿಂಗ್ ಕೋರ್ಸು ಮಕ್ಕಳನ್ನು ಕೆಲಸಕ್ಕೆ ಎಷ್ಟು ತಯಾರು ಮಾಡುತ್ತಿದೆ ಅಂತ ನೋಡಿ ವರದಿ ಕೊಡಲಿ ಅಂತ. ಹಾಗಂತ ಕಾಗದದಲ್ಲಿತ್ತು. ವಿಭಾಗದ ಮುಖ್ಯಸ್ಥೆಯ ಅಪ್ಪ, ಟೀ ಕುಡಿದು ಸಹಿ ಹಾಕಿ ಹೋಗುತ್ತಾನೆ ಅಂತ ನಿಮ್ಮ ಪ್ರಿನ್ಸಿಪಾಲರ ಮನಸ್ಸಿನಲ್ಲಿತ್ತು. ನಿನ್ನ ಮನಸ್ಸಿನಲ್ಲಿ ಏನಿತ್ತೋ ನಾನು ಕೇಳುವುದಿಲ್ಲ.

ನಿಮ್ಮ ವರ್ಕ್‌ಶಾಪ್ ನೋಡಿ ಎದೆಯುಬ್ಬಿತು, ಅದನ್ನು ಮುಚ್ಚಿಡುವುದಿಲ್ಲ. ಗುಡಿಸಿದ ನೆಲ, ಹೊಗೆ ಎಳೆಯುವ ಫ್ಯಾನು, ಪ್ರತಿಯೊಬ್ಬರಿಗೂ ಒಂದೊಂದು ಪರದೆ. ನಾವು ಕಲಿಯುವಾಗ ಹೊಗೆಯೇ ನಮ್ಮನ್ನು ಎಳೆಯುತ್ತಿತ್ತು. ಮಕ್ಕಳು ಬೆಸೆದ ಪೈಪುಗಳ ಮೇಲೆ ಬೆರಳಾಡಿಸಿದೆ. ನಿನ್ನಮ್ಮ ನನ್ನ ಅಂಗಿಯ ಕಿಡಿತೂತುಗಳಿಗೆ ಹಾಕುತ್ತಿದ್ದ ಹೊಲಿಗೆಯ ಹಾಗೆ ಅಷ್ಟು ಒತ್ತಾಗಿ, ಅಷ್ಟು ಸಮವಾಗಿ. ಇವಳು ನನ್ನ ಮಗಳು ಅಂತ ಅಲ್ಲಿದ್ದ ಗುಮಾಸ್ತನಿಗೆ ಎರಡು ಸಲ ಹೇಳಿದೆ. ಅವನಿಗೆ ಮೊದಲೇ ಗೊತ್ತಿತ್ತು.

ಆಮೇಲೆ ಪಟ್ಟಿ ಕೊಟ್ಟಿರಿ. ಹೋದ ವರ್ಷದ ಇಪ್ಪತ್ತೈದರಲ್ಲಿ ಇಪ್ಪತ್ತಮೂರು ಮಂದಿಗೆ ಕೆಲಸ, ಅದೇ ನಿಮ್ಮ ತೊಂಬತ್ತೆರಡು ಪರ್ಸೆಂಟು. ನಾನು ಹಳೆಯ ಕಾಲದವನು ನೋಡು, ಪಟ್ಟಿ ಓದಿ ಸುಮ್ಮನಾಗದೆ ಬಸ್ಸು ಹತ್ತಿದೆ. ಹನ್ನೊಂದು ಮಂದಿ ಸಿಕ್ಕರು. ಒಬ್ಬ ಉಕ್ಕಿನ ಗೋದಾಮಿನ ಗೇಟಿನಲ್ಲಿ ಕುರ್ಚಿ ಹಾಕಿ ಕೂತಿದ್ದಾನೆ; ನೀವು ಅವನನ್ನು ಉಕ್ಕಿನ ಉದ್ಯಮಕ್ಕೆ ಸೇರಿಸಿದ್ದೀರಿ. ಇನ್ನೊಬ್ಬ ಮನೆಮನೆಗೆ ಪಾರ್ಸೆಲ್ ಹಂಚುತ್ತಾನೆ, ಅವನೂ ಪಟ್ಟಿಯಲ್ಲಿದ್ದಾನೆ. ರಾಡು ಹಿಡಿದವರು ನಾಲ್ಕೇ ನಾಲ್ಕು. ಉಳಿದವರನ್ನು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಟೆಸ್ಟಿನಲ್ಲಿ ಹೋಯ್ತು ಸರ್.

ಟೆಸ್ಟಿನಲ್ಲಿ ಏನು ಹೋಯಿತು ಅಂತ ತಿಳಿದದ್ದು ಬಾಯ್ಲರ್ ರಿಪೇರಿ ಶೆಡ್ಡಿನಲ್ಲಿ. ಗಡಿಬಿಡಿ ಅಲ್ಲಿದ್ದಾಳೆ. ಅದೇ, ನೀವೆಲ್ಲ ಗಡಿಬಿಡಿ ಅಂತ ಕರೆಯುತ್ತಿದ್ದ ನಿನ್ನ ಚಿನ್ನದಂಥ ಹುಡುಗಿ, ಪ್ರಾಕ್ಟಿಕಲ್‌ನಲ್ಲಿ ನೂರಕ್ಕೆ ತೊಂಬತ್ತೆಂಟು ತೆಗೆದವಳು. ಅವಳು ಬಂದ ದಿನದ ಕಥೆಯನ್ನು ಶೆಡ್ಡಿನ ಮೇಸ್ತ್ರಿ ನಗುನಗುತ್ತಾ ಹೇಳಿದ. ಗೋಡೆಗೆ ಒಂದು ಗೇಣು ದೂರದಲ್ಲಿ ಪೈಪು ಬಿಗಿದು, ಬೆಸೆಯಮ್ಮಾ ಅಂದನಂತೆ. ಇವಳು ಪೈಪಿನ ಆ ಕಡೆ ನೋಡಿದಳಂತೆ, ಈ ಕಡೆ ನೋಡಿದಳಂತೆ, ಕೆಳಗೆ ಬಗ್ಗಿ ಕಾಲಿನ ಪೆಡಲ್ಲು ಹುಡುಕಿದಳಂತೆ. “ಸರ್, ಪೈಪ್ ತಿರುಗ್ಸೋದು ಎಲ್ಲಿ?”

“ತಾಯೀ, ಇದು ಬಾಯ್ಲರು. ಪೈಪ್ ತಿರುಗಬೇಕಂದ್ರೆ ಇಡೀ ಬಿಲ್ಡಿಂಗೇ ತಿರುಗಬೇಕು.”

ಶೆಡ್ಡೆಲ್ಲ ನಕ್ಕಿತಂತೆ. ನಾನೂ ನಕ್ಕೆ ಮಗಳೇ, ಒಂದು ಕ್ಷಣ. ಆಮೇಲೆ ಅವಳನ್ನು ನೋಡಿದೆ. ಟೆಸ್ಟಿನಲ್ಲಿ ಬಿದ್ದರೂ ಅವರೇ ಕೆಲಸ ಕೊಟ್ಟಿದ್ದಾರೆ, ಬೇರೆಯವರು ಬೆಸೆದದ್ದನ್ನು ಗ್ರೈಂಡರ್ ಹಿಡಿದು ಉಜ್ಜುವ ಕೆಲಸ. ಹತ್ತು ತಿಂಗಳಾಯಿತು. ರಾಡು ಸಿಕ್ಕಿಸುವ ಹೋಲ್ಡರ್ ಮುಟ್ಟಿಲ್ಲ. ಮುಖದ ತುಂಬ ಕಪ್ಪು ಪುಡಿ. ನನ್ನನ್ನು ಗೇಟಿನವರೆಗೆ ಬಿಟ್ಟು, “ಮೇಡಂಗೆ ಹೇಳ್ಬೇಡಿ ಸರ್, ಬೇಜಾರ್ ಮಾಡ್ಕೋತಾರೆ” ಅಂದಳು.

ಅಲ್ಲಿಂದ ಬಂದ ಸಿಟ್ಟು ಇದು. ಮೈಯೆಲ್ಲ ಉರಿಯುತ್ತಿದೆ.

ಆ ನೀಲಿ ಸ್ಟ್ಯಾಂಡು! ಎರಡು ರೋಲರಿನ ಮೇಲೆ ಪೈಪು ಮಲಗಿಸಿ ಪೆಡಲ್ ಒತ್ತಿದರೆ ಪೈಪೇ ಸುತ್ತುತ್ತದೆ, ಕೈ ಮೇಲೆ ಒಂದೇ ಕಡೆ ಹಾಯಾಗಿ ಕೂತಿರುತ್ತದೆ. ಎರಡು ವರ್ಷ ಆ ಮಕ್ಕಳ ಕೈ ಹಾಗೆ ಕೂತೇ ಇತ್ತು. ಹೊರಗಡೆ ಯಾವ ಪೈಪು ಯಾರಿಗೋಸ್ಕರ ತಿರುಗುತ್ತದೆ? ಅದು ಗೋಡೆಯಲ್ಲಿರುತ್ತದೆ, ನೆಲದಡಿ ಇರುತ್ತದೆ, ತಲೆಯ ಮೇಲಿರುತ್ತದೆ. ನೀನು ಮಲಗಬೇಕು, ಕತ್ತು ತಿರುಚಬೇಕು, ಎಡಗೈಯಲ್ಲಿ ಬೆಸೆಯಬೇಕು, ಕಾಣದ ಕಡೆ ಕನ್ನಡಿ ಇಟ್ಟುಕೊಂಡು ಅದರಲ್ಲಿ ನೋಡಬೇಕು, ಕಾಲರಿನೊಳಗೆ ಕಿಡಿ ಬಿದ್ದರೂ ಕೈ ಅಲುಗಬಾರದು. ಪೈಪು ತಿರುಗುವುದಿಲ್ಲ, ಮನುಷ್ಯ ತಿರುಗಬೇಕು. ಇಷ್ಟು ಹೇಳಿಕೊಡಲು ನಿಮಗೆ ಎರಡು ವರ್ಷ ಸಾಲಲಿಲ್ಲವೇ? ಅಂಥ ಸ್ಟ್ಯಾಂಡನ್ನು ತಂದಿಟ್ಟವರಿಗೆ ಬುದ್ಧಿ ಎಲ್ಲಿತ್ತು?

ವರದಿಯ ಕೊನೆಯಲ್ಲಿ ಒಂದು ಚೌಕವಿದೆ: ತೃಪ್ತಿಕರ. ಅದರಲ್ಲಿ ಗುರುತು ಹಾಕಿ ಸಹಿ ಮಾಡಿದರೆ ನಿಮ್ಮ ಕೋರ್ಸಿಗೆ ಇನ್ನು ಮೂರು ವರ್ಷ ಮಾನ್ಯತೆ. ಹಾಕದಿದ್ದರೆ ನಿನ್ನ ಕುರ್ಚಿ ಅಲ್ಲಾಡುತ್ತದೆ, ಗೊತ್ತು. ನಾನು ಕಾಲೇಜಿನಲ್ಲಿ ಓದಿದ್ದು ಒಂದೇ ವರ್ಷ. ಅಲ್ಲಿ ಕಲಿತ ಇಂಗ್ಲಿಷಿನಲ್ಲಿ ‘ಐ ಬೆಗ್ ಟು ಡಿಫರ್’ ಅಂತೊಂದು ಮಾತಿತ್ತು. ಒಪ್ಪುವುದಿಲ್ಲ ಅನ್ನಲು ಭಿಕ್ಷೆ ಏಕೆ ಬೇಡಬೇಕು ಅಂತ ಆಗಲೂ ತಿಳಿದಿರಲಿಲ್ಲ. ನಾನು ಬೇಡುವುದಿಲ್ಲ. ಚೌಕ ಖಾಲಿ ಬಿಟ್ಟಿದ್ದೇನೆ. ಕೆಳಗೆ ಎರಡು ಪುಟ ಬರೆದಿದ್ದೇನೆ. ನಾಳೆ ಪ್ರಿನ್ಸಿಪಾಲರ ಮೇಜಿಗೆ ಹೋಗುತ್ತದೆ.

ಮೇಸ್ತ್ರಿಯ ಹತ್ತಿರ ಒಂದು ಮಾತು ತೆಗೆದುಕೊಂಡು ಬಂದಿದ್ದೇನೆ. “ನಿಮ್ಮ ಮುಖ ನೋಡಿ ಅವಳಿಗೆ ಇನ್ನೊಂದ್ಸಲ ಟೆಸ್ಟ್ ಕೊಡ್ತೀನಿ ಯಜಮಾನ್ರೇ, ಅದಾದ್ಮೇಲೆ ಕೇಳ್ಬೇಡಿ” ಅಂದ. ಬರುವ ತಿಂಗಳ ಮೊದಲ ಸೋಮವಾರ. ಇವತ್ತಿಗೆ ಸರಿಯಾಗಿ ಹತ್ತೊಂಬತ್ತು ದಿನ. ನಿಮ್ಮ ವರ್ಕ್‌ಶಾಪಿಗೆ ಬಂದು ಕಲಿಯಲು ಗಡಿಬಿಡಿಗೆ ಬೆಳಿಗ್ಗೆ ಎರಡು ಗಂಟೆ ರಜೆ ಕೊಡಿಸಿದ್ದೇನೆ, ಪ್ರತಿದಿನ. ಅಷ್ಟರಲ್ಲಿ ಪೈಪಿನ ಅಡಿಭಾಗ ಬೆಸೆಯುವುದು ಅವಳ ಕೈಗೆ ಬರಬೇಕು.

ಇನ್ನೂ ಬೈಯಬೇಕೆಂದಿದ್ದೆ. ಆದರೆ ಕಿಟಕಿಯ ಬೆಳಕು ಮೇಜಿನ ಅಂಚಿಗೆ ಸರಿದಿದೆ, ಸಾಲು ಎಲ್ಲಿ ಮುಗಿಯಿತು ಅಂತ ಕಾಣಿಸುತ್ತಿಲ್ಲ. ದೀಪ ಹಾಕಿದರೆ ಈ ಕಣ್ಣಿಗೆ ಚುಚ್ಚುತ್ತದೆ, ಅದು ನಿನಗೂ ಗೊತ್ತು. ನಿಲ್ಲಿಸುತ್ತೇನೆ.

ನಿನ್ನ ಸಿಡುಕ
ಅಪ್ಪ

ಮರೆತ ಮಾತು: ಮರೆತದ್ದಲ್ಲ. ನಿನ್ನೆ ನಿನ್ನ ಬಾಯಿಗೆ ಅಡ್ಡ ಬಂದು ನಿಲ್ಲಿಸಿದ ಮಾತನ್ನು ನಾನೇ ಮುಗಿಸುತ್ತೇನೆ. ಆ ಸ್ಟ್ಯಾಂಡ್ ಮಾಡಿದವನು ನಾನು. ನಿನ್ನಮ್ಮ ಹೋಗಿ ಎರಡು ತಿಂಗಳಾಗಿತ್ತು, ನಿನಗೆ ಹೊಸ ಹುದ್ದೆ. ಮಕ್ಕಳೆಲ್ಲ ಫೇಲಾಗ್ತಿದ್ದಾರೆ ಅಂತ ನೀನು ಅಡುಗೆಮನೆಯಲ್ಲಿ ನಿಂತು ಅತ್ತೆ. ಅಳು ನಿಲ್ಲಿಸಲು ನನಗೆ ಗೊತ್ತಿದ್ದದ್ದು ಕಬ್ಬಿಣದ ಕೆಲಸವೊಂದೇ. ಮಾಡಿ ತಂದಾಗ ನೀನು, “ಅಪ್ಪಾ, ಕೆಲಸದ ಜಾಗದಲ್ಲಿ ಪೈಪ್ ತಿರುಗುತ್ತಾ?” ಅಂತ ಕೇಳಿದ್ದೆ. “ಮೊದ್ಲು ಪಾಸಾಗ್ಲಿ, ಆಮೇಲೆ ಕಲೀತಾರೆ” ಅಂದವನು ನಾನು. ವರದಿಯಲ್ಲಿ ಇದನ್ನೂ ನನ್ನ ಹೆಸರು ಹಾಕಿಯೇ ಬರೆದಿದ್ದೇನೆ. ಈ ಕಾಗದವನ್ನು ಪಕ್ಕದ ಮನೆಯ ಹುಡುಗನ ಕೈಯಲ್ಲಿ ಇವತ್ತೇ ಕಳಿಸುತ್ತೇನೆ; ನಾಳೆ ಎಂಟಕ್ಕೆ ಬರುತ್ತೇನೆ. ಸ್ಟ್ಯಾಂಡನ್ನು ಗೋಡೆಗೆ ಒಂದು ಗೇಣು ಬಿಟ್ಟು, ಎದೆಯೆತ್ತರಕ್ಕೆ ಏರಿಸಿ ಇಡಿಸು. ಎರಡೂ ರೋಲರುಗಳನ್ನು ಬೆಸೆದುಬಿಡಬೇಕು, ಇನ್ನು ತಿರುಗಬಾರದು. ನನ್ನ ಕೈ ನಡುಗುತ್ತದೆ, ಹೋಲ್ಡರ್ ಗಡಿಬಿಡಿ ಹಿಡಿಯಲಿ. ಸ್ಟ್ಯಾಂಡಿನ ಕಾಲಿನ ಮೇಲೆ ಅಮ್ಮನ ಹೆಸರು ಬರೆದಿದ್ದೇನಲ್ಲ, ಅಲ್ಲಿಗೆ ಕಿಡಿ ಸಿಡಿಯದ ಹಾಗೆ ನೀನೊಂದು ತಗಡು ಅಡ್ಡ ಹಿಡಿದು ನಿಲ್ಲು.